ಕೆಂಚನ ಬೀಜ ಗಟ್ಟಿಯಾಗಿದೆ, ಕೂದಲೂ ಉದುರುತ್ತಿದೆ

ಪ್ರಶ್ನೆ: ನಮ್ಮ ಕೆಂಚನಿಗೆ ಈಗ 11 ವರ್ಷ. ಅಡಿಕೆ ತೋಟ ಕಾಯುವ ನಾಟಿ ನಾಯಿ, ಬೀಜ ತೆಗೆಸಿಲ್ಲ. ನಾಲ್ಕು ತಿಂಗಳಿಂದ ಒಂದು ಬೀಜ ದಪ್ಪಗಾಗಿ ಗೋಟಡಿಕೆ ಥರ ಗಟ್ಟಿಯಾಗಿದೆ, ಇನ್ನೊಂದು ಕುಗ್ಗಿದೆ. ಮುಟ್ಟಿದರೆ ನೋವಿಲ್ಲ. ಎರಡೂ ಪಕ್ಕೆಯ ಕೂದಲು ಉದುರಿದೆ, ಬೇವಿನೆಣ್ಣೆ ಹಚ್ಚಿದರೂ ಬರಲಿಲ್ಲ. ಹೇಳೋಕೆ ನಾಚಿಕೆ, ಊರಿನ ಗಂಡು ನಾಯಿಗಳೇ ಅವನ ಹಿಂದೆ ಬೀಳುತ್ತಿವೆ! ಈ ವಯಸ್ಸಲ್ಲಿ ಆಪರೇಷನ್ ತಡೆದೀತಾ?
– ತೀರ್ಥಹಳ್ಳಿ ಕಡೆಯ ಓದುಗರು

ಉತ್ತರ: ನಾಚಿಕೆ ಯಾಕೆ? ಆ ಕೊನೆಯ ಮಾತೇ ನನಗೆ ದೊಡ್ಡ ಸುಳಿವು. ಬೀಜ ತೆಗೆಸದ ವಯಸ್ಸಾದ ನಾಯಿಗಳಲ್ಲಿ ಬೀಜದ ಗಡ್ಡೆ ಅಪರೂಪವಲ್ಲ. ಅದರಲ್ಲಿ ಸರ್ಟೋಲಿ ಅನ್ನೋ ಒಂದು ಬಗೆಯ ಗಡ್ಡೆ ಕೆಲವು ಸಲ ಈಸ್ಟ್ರೋಜನ್, ಅಂದರೆ ಹೆಣ್ಣಿನ ಹಾರ್ಮೋನ್, ಜಾಸ್ತಿ ಮಾಡುತ್ತದೆ. ಆಗ ಇನ್ನೊಂದು ಬೀಜ ಬತ್ತುತ್ತದೆ, ಎರಡೂ ಪಕ್ಕ ಒಂದೇ ಸಮ ಕೂದಲು ಹೋಗುತ್ತದೆ, ಮೊಲೆತೊಟ್ಟು ಊದುತ್ತದೆ, ಬೇರೆ ಗಂಡು ನಾಯಿಗಳು ಇದನ್ನು ಹೆಣ್ಣು ಅಂತಲೇ ತಿಳಿದು ಹಿಂದೆ ಸುತ್ತುತ್ತವೆ. ಬೇವಿನೆಣ್ಣೆ ಸುಮ್ನೆ ದಂಡ. ಇವತ್ತು ಅವನನ್ನು ಅಂಗಾತ ಮಲಗಿಸಿ ಮೊಲೆತೊಟ್ಟು ನೋಡಿ, ಹಾಗೇ ತುಟಿ ಎತ್ತಿ ವಸಡನ್ನೂ ನೋಡಿ.

ವಸಡು ಯಾಕೆಂದರೆ, ಈ ಹಾರ್ಮೋನ್ ಮೂಳೆಯೊಳಗೆ ರಕ್ತ ತಯಾರಾಗುವುದನ್ನೇ ನಿಲ್ಲಿಸಬಹುದು. ವಸಡು ಬಿಳಿಚಿದ್ದರೆ, ಹೊಟ್ಟೆಯ ಮೇಲೆ ಕೆಂಪು ಚುಕ್ಕೆ ಕಂಡರೆ, ಮೂಗಲ್ಲಿ ರಕ್ತ ಬಂದರೆ ಅವತ್ತೇ ಹೊರಡಿ. ನಮ್ಮ ಮಲೆನಾಡಲ್ಲಿ ಇನ್ನೊಂದು ತೊಡಕು ಉಂಟು: ಉಣುಗು ಕಚ್ಚಿ ಬರುವ ಕಾಯಿಲೆಯಲ್ಲೂ ಪ್ಲೇಟ್‌ಲೆಟ್, ಅಂದರೆ ರಕ್ತ ಹೆಪ್ಪುಗಟ್ಟಿಸುವ ಕಣ, ಹೀಗೇ ಇಳಿಯುತ್ತದೆ. ಹಾಗಾಗಿ ರಕ್ತ ಪರೀಕ್ಷೆ ಆಗದೆ ಆಪರೇಷನ್‌ಗೆ ಒಪ್ಪಬೇಡಿ.

ವಯಸ್ಸಿಗೆ ಹೆದರಬೇಡಿ. 11 ವರ್ಷ ಅನ್ನೋದು ಕಾಯಿಲೆ ಅಲ್ವಲ್ಲ! ರಕ್ತ, ಎದೆಯ ಎಕ್ಸ್‌ರೇ, ಹೊಟ್ಟೆ ಸ್ಕ್ಯಾನಿಂಗ್ ಸರಿ ಬಂದರೆ ಎರಡೂ ಬೀಜ ತೆಗೆಸಿ. ಈ ಗಡ್ಡೆಗಳು ಬೇರೆ ಕಡೆ ಹರಡುವುದು ಕಮ್ಮಿ, ಹೆಚ್ಚಿನವು ಅಲ್ಲಿಗೇ ಮುಗಿಯುತ್ತವೆ, ಕೆಲವು ತಿಂಗಳಲ್ಲಿ ಕೂದಲೂ ಬರುತ್ತದೆ. ತೆಗೆದ ಗಡ್ಡೆಯನ್ನು ಎಸೆಯದೆ ಲ್ಯಾಬ್‌ಗೆ ಕಳಿಸಲು ಹೇಳಿ. ನಿಮ್ಮ ಊರಲ್ಲಿ ಸ್ಕ್ಯಾನಿಂಗ್ ಇಲ್ಲದಿದ್ದರೆ ಶಿವಮೊಗ್ಗದ ಪಶುವೈದ್ಯಕೀಯ ಕಾಲೇಜಿನಲ್ಲಿ ವಿಚಾರಿಸಿ. ಸ್ಕ್ಯಾನ್ ಮಾಡುವಾಗ ಮೂತ್ರಕೋಶದ ಬುಡದಲ್ಲಿರುವ ಪ್ರಾಸ್ಟೇಟ್ ಗ್ರಂಥಿಯನ್ನೂ ನೋಡಲಿ, ಮುದಿ ಗಂಡು ನಾಯಿಗಳಲ್ಲಿ ಅದು ಊದಿಕೊಂಡು ಕಕ್ಕ ಮಾಡಲು ತಿಣುಕಾಡುವುದು ಮಾಮೂಲಿ.

ಮನೇಲಿ ಮರಿ ಇದ್ದರೆ ಅದನ್ನೂ ಒಮ್ಮೆ ಮುಟ್ಟಿ ನೋಡಿ. 6 ತಿಂಗಳಾದರೂ ಬೀಜ ಕೆಳಗಿಳಿಯದೆ ಹೊಟ್ಟೆಯಲ್ಲೇ ಉಳಿದಿದ್ದರೆ ಮುಂದೆ ಗಡ್ಡೆಯಾಗುವ ಅಪಾಯ ಹಲವು ಪಟ್ಟು ಜಾಸ್ತಿ.

ಇನ್ನು, ಬೀಜ ಒಮ್ಮೆಲೇ ಊದಿ, ಬಿಸಿಯಾಗಿ, ಮುಟ್ಟಿದರೆ ಕಿರುಚಿದರೆ ಅದು ಸೋಂಕೋ, ಬೀಜ ತಿರುಚಿಕೊಂಡಿದ್ದೋ ಇರಬಹುದು. ಬೆಳಗಾಗಲಿ ಅಂತ ಕಾಯಬೇಡಿ. ಮನೆಯಲ್ಲಿರುವ ನೋವಿನ ಮಾತ್ರೆಯನ್ನಂತೂ ಕೊಡಲೇಬೇಡಿ, ಐಬುಪ್ರೊಫೇನ್, ಡೈಕ್ಲೋಫೆನಾಕ್ ಎಲ್ಲ ನಾಯಿಗೆ ವಿಷ.