ಓದುಗರ ಪ್ರಶ್ನೆ: ಕೆರೆ ಪಾರ್ಕಿನಲ್ಲಿ ಮಲಗುವವರು, ಪೊದೆಯಲ್ಲಿ ಸಿಗುವ ಸಿರಿಂಜು

ಬೀದಿಯಲ್ಲಿ ಮಲಗುವವರ ಬಗ್ಗೆ, ನಶೆಯ ಬಗ್ಗೆ ಮೈಸೂರು–ಮಂಡ್ಯದಿಂದ ಬಂದ ಪತ್ರಗಳನ್ನು ಈ ಸಲ ಒಟ್ಟಿಗೆ ತೆಗೆದುಕೊಂಡಿದ್ದೇವೆ. ಹೆಸರು ಬೇಡ ಎಂದವರ ಊರನ್ನಷ್ಟೇ ಹಾಕಿದೆ.

ಪ್ರಶ್ನೆ: ನಮ್ಮ ಬಡಾವಣೆ ಪಕ್ಕದಲ್ಲೇ ಕೆರೆ, ಅದಕ್ಕೆ ಹೊಂದಿಕೊಂಡು ಪಾರ್ಕು. ರಾತ್ರಿ ಹತ್ತು-ಹನ್ನೆರಡು ಜನ ಅಲ್ಲೇ ಮಲಗುತ್ತಾರೆ. ಏರಿ ಮೇಲೆ ಹುಡುಗರು ಗಾಂಜಾ ಸೇದುತ್ತಾರೆ. ಬೇಲಿ ಹಾಕಿಸಿ, ಪೊಲೀಸರಿಗೆ ಹೇಳಿ ಎಲ್ಲರನ್ನೂ ಎಬ್ಬಿಸೋಣ ಅಂತ ಸಂಘದ ಸಭೆಯಲ್ಲಿ ತೀರ್ಮಾನವಾಗಿದೆ. ಸರಿಯೇ?
— ಕ್ಷೇಮಾಭಿವೃದ್ಧಿ ಸಂಘದ ಕಾರ್ಯದರ್ಶಿ, ಮೈಸೂರು

ಉತ್ತರ: ಎಬ್ಬಿಸಿದರೆ ಪಕ್ಕದ ಬಡಾವಣೆಯ ಬಸ್ ಶೆಲ್ಟರಿಗೆ ಹೋಗುತ್ತಾರೆ. ಅಲ್ಲಿಯವರು ಎಬ್ಬಿಸಿದಾಗ ನಿಮ್ಮಲ್ಲಿಗೇ ಬರುತ್ತಾರೆ. ಇನ್ನೊಂದು ವಿಷಯ: ಸೇದುವವರು, ಮಲಗುವವರು ಒಂದೇ ಗುಂಪು ಎಂದು ಸಭೆ ಅಂದುಕೊಂಡ ಹಾಗಿದೆ. ಬೈಕಿನಲ್ಲಿ ಬಂದು ಏರಿ ಮೇಲೆ ಕೂತು ಹೋಗುವ ಹುಡುಗರಿಗೆ ಮನೆ ಇರುತ್ತದೆ. ಬೇಲಿ ಅವರನ್ನು ತಡೆಯುವುದಿಲ್ಲ.

ಬೇಲಿಗೆ ಕೊಟೇಶನ್ ತರಿಸುವ ಮೊದಲು ಮಲಗುವವರು ಯಾರು ಅಂತ ತಿಳಿದುಕೊಳ್ಳಿ. ರಾತ್ರಿ ಹತ್ತರ ಮೇಲೆ, ಇಲ್ಲವೇ ಬೆಳಗಿನ ಐದಕ್ಕೆ ಇಬ್ಬರು-ಮೂವರು ಹೋಗಿ. ಒಬ್ಬರು ಹೆಂಗಸರಿರಲಿ, ಪೊಲೀಸರು ಬೇಡ, ಮೊಬೈಲು ಜೇಬಿನಲ್ಲೇ ಇರಲಿ. ಸಾಮಾನ್ಯವಾಗಿ ಸಿಗುವವರು ಗಾರೆ ಕೆಲಸದವರು, ಛತ್ರಗಳಲ್ಲಿ ಬಡಿಸುವವರು, ಮನೆ ಬಿಟ್ಟು ಬಂದ ವಯಸ್ಸಾದವರು, ಮನೋರೋಗ ಇರುವ ಒಬ್ಬಿಬ್ಬರು, ಕುಡಿತಕ್ಕೆ ಬಿದ್ದವರು. ಎಲ್ಲರಿಗೂ ಒಂದೇ ಮದ್ದಿಲ್ಲ.

ದುಡಿಯುವವರಿಗೆ ಬೇಕಿರುವುದು ನಗರಪಾಲಿಕೆಯ ರಾತ್ರಿ ವಸತಿ ಕೇಂದ್ರ. ಕೇಂದ್ರ ಸರ್ಕಾರದ ನಗರ ಜೀವನೋಪಾಯ ಅಭಿಯಾನದ ಮಾರ್ಗಸೂಚಿಯಲ್ಲಿ 1 ಲಕ್ಷ ಜನಸಂಖ್ಯೆಗೆ ಒಂದು ಕೇಂದ್ರ ಇರಬೇಕು ಎಂದಿತ್ತು. ಒಂದೊಂದರಲ್ಲೂ ಕನಿಷ್ಠ 50 ಜನರಿಗೆ ಜಾಗ, ಒಬ್ಬರಿಗೆ 50 ಚದರ ಅಡಿ. ನಗರದಲ್ಲಿ ಎಷ್ಟಿವೆ, ಎಲ್ಲಿವೆ, ಎಷ್ಟು ಹಾಸಿಗೆ ಖಾಲಿ ಎಂದು ಪಾಲಿಕೆಗೆ ಬರೆದು ಕೇಳಿ, ಸ್ವೀಕೃತಿ ಪಡೆಯಿರಿ. ಯಾರನ್ನಾದರೂ ಕಳಿಸುವ ಮೊದಲು ನೀವೇ ಒಮ್ಮೆ ಹೋಗಿ ನೋಡಿ. ಜನ ಅಲ್ಲಿ ಉಳಿಯದಿರಲು ಕಾರಣಗಳು ಎಲ್ಲ ಕಡೆ ಒಂದೇ: ಛತ್ರದ ಕೆಲಸ ಮುಗಿಯುವುದು ನಡುರಾತ್ರಿ, ಗೇಟು ಬೀಳುವುದು ಅದಕ್ಕೂ ಮೊದಲು, ಬಟ್ಟೆಗಂಟು ಇಡಲು ಬೀಗದ ಜಾಗ ಇರುವುದಿಲ್ಲ, ಗಂಡ-ಹೆಂಡತಿ ಒಟ್ಟಿಗೆ ಇರುವಂತಿಲ್ಲ, ಬಾಯಿ ವಾಸನೆ ಬಂದರೆ ಒಳಗೆ ಬಿಡುವುದಿಲ್ಲ. ಟ್ರಂಕು ಕೊಡಿಸುವುದು, ತಡವಾಗಿ ಬರುವವರ ಪಟ್ಟಿಯನ್ನು ಕಾವಲುಗಾರನಿಗೆ ಕೊಡುವುದು ಸಂಘದ ಕೈಯಲ್ಲೇ ಆಗುವ ಕೆಲಸ. ಅಲ್ಲಿ ನೆಲೆ ನಿಂತವರಿಗೆ ಕೇಂದ್ರದ ಮುಖ್ಯಸ್ಥರ ಪ್ರಮಾಣಪತ್ರದ ಮೇಲೆ ಆಧಾರ್ ವಿಳಾಸವೂ ಆಗುತ್ತದೆ. ಎಷ್ಟೋ ಜನರ ಪಿಂಚಣಿ ನಿಂತುಹೋಗಿರುವುದು ಈ ಒಂದು ವಿಳಾಸ ಇಲ್ಲದ್ದಕ್ಕೇ.

ಅಲೆಯುತ್ತಿರುವ ಮನೋರೋಗಿಯನ್ನು ರಕ್ಷಣೆಗೆ ಪಡೆದು 24 ಗಂಟೆಯೊಳಗೆ ಸರ್ಕಾರಿ ಆಸ್ಪತ್ರೆಗೆ ಕರೆದೊಯ್ಯುವುದು ಪೊಲೀಸರ ಕರ್ತವ್ಯ. 2017ರ ಮಾನಸಿಕ ಆರೋಗ್ಯ ಕಾಯ್ದೆಯ 100ನೇ ಕಲಂ ನೋಡಿ. ಠಾಣೆಯಲ್ಲಿ ಈ ಕಲಂ ಹೆಸರು ಹೇಳಿದರೆ ಮಾತಿಗೆ ತೂಕ ಬರುತ್ತದೆ. ಲಾಕಪ್ಪಿನಲ್ಲಿ ಇಡುವಂತಿಲ್ಲ.

'ಎಲ್ಲರೂ ಭಿಕ್ಷುಕರು' ಎಂದು ಮಾತ್ರ ದೂರು ಬರೆಯಬೇಡಿ. 1975ರ ಭಿಕ್ಷಾಟನೆ ನಿಷೇಧ ಕಾಯ್ದೆಯಡಿ ನಿರಾಶ್ರಿತರ ಪರಿಹಾರ ಕೇಂದ್ರಕ್ಕೆ ಕಳಿಸಬಹುದಾದ್ದು ಭಿಕ್ಷೆ ಬೇಡುವವರನ್ನು. ಗಾರೆ ಕೆಲಸದವನನ್ನು ಅಲ್ಲಿಗೆ ತುಂಬಿದರೆ ಅವನ ಮರುದಿನದ ಕೂಲಿ ಹೋಯಿತು. ಅಂದಹಾಗೆ, ನಿಮ್ಮ ಆಸ್ತಿ ತೆರಿಗೆ ರಸೀದಿಯಲ್ಲಿ 3% ಭಿಕ್ಷುಕರ ಕರ ಇದೆ. ಅದು ಈ ಕೇಂದ್ರಗಳಿಗಾಗಿಯೇ ವಸೂಲಾಗುವ ದುಡ್ಡು. ಪಾಲಿಕೆ ಅದನ್ನು ಕಟ್ಟಿದೆಯೇ ಎಂದು ಮಾಹಿತಿ ಹಕ್ಕಿನಲ್ಲಿ ಕೇಳಿ.

ಏರಿ ಮೇಲಿನ ಹುಡುಗರ ವಿಚಾರ: ಲೈಟು ಹಾಕಿಸಬೇಕಾದದ್ದು ಅಲ್ಲಿ. ಮಾರುವವನು ಬರುತ್ತಿದ್ದರೆ 1933ಕ್ಕೆ ಕರೆ ಮಾಡಿ; ಅದು ಕೇಂದ್ರ ಮಾದಕ ವಸ್ತು ನಿಯಂತ್ರಣ ಬ್ಯೂರೊದ ಸಹಾಯವಾಣಿ. ದಿನ, ಹೊತ್ತು, ಗಾಡಿ ನಂಬರು ಹೇಳಿದರೆ ಸಾಕು. ಹಿಡಿದು ಹೊಡೆದು ವಿಡಿಯೊ ಮಾಡಿದರೆ ಕೇಸು ನಿಮ್ಮ ಮೇಲೇ.

ಪ್ರಶ್ನೆ: ವಾಕಿಂಗ್ ಹೋದಾಗ ಪೊದೆಯಲ್ಲಿ ಸಿರಿಂಜು, ಖಾಲಿ ಮಾತ್ರೆ ಸ್ಟ್ರಿಪ್ ಸಿಗುತ್ತಿವೆ. ಪೌರಕಾರ್ಮಿಕರೂ ಮುಟ್ಟಲು ಹೆದರುತ್ತಾರೆ.
— ಓದುಗರು, ಮೈಸೂರು

ಉತ್ತರ: ಹೆದರುವುದು ಸರಿಯೇ. ತೆಳು ರಬ್ಬರ್ ಗ್ಲೌಸ್ ಸೂಜಿಯನ್ನು ತಡೆಯುವುದಿಲ್ಲ. ಹಳೆಯ ಉದ್ದನೆ ಇಕ್ಕಳ, ಫಿನಾಯಿಲ್ ಕ್ಯಾನಿನಂಥ ದಪ್ಪ ಪ್ಲಾಸ್ಟಿಕ್ ಡಬ್ಬ, ಅಗಲ ಟೇಪು ಇಟ್ಟುಕೊಳ್ಳಿ. ನೀರಿನ ಬಾಟಲಿ ಬೇಡ, ಸೂಜಿ ಅದನ್ನು ತೂರಿ ಬರುತ್ತದೆ. ಡಬ್ಬವನ್ನು ಕೈಯಲ್ಲಿ ಹಿಡಿಯದೆ ನೆಲದ ಮೇಲಿಡಿ. ಸಿರಿಂಜಿನ ನಡುವನ್ನು ಇಕ್ಕಳದಲ್ಲಿ ಹಿಡಿದು ಸೂಜಿ ತುದಿ ಮೊದಲು ಒಳಗೆ ಹೋಗುವಂತೆ ಹಾಕಿ. ಸೂಜಿಗೆ ಮತ್ತೆ ಮುಚ್ಚಳ ಹಾಕಲು ಹೋಗಬೇಡಿ; ಬೆರಳಿಗೆ ಚುಚ್ಚುವುದು ಆಗಲೇ. ಮುಕ್ಕಾಲು ತುಂಬಿದ ಮೇಲೆ ಟೇಪು ಸುತ್ತಿ 'ಸೂಜಿ' ಎಂದು ದಪ್ಪಕ್ಷರದಲ್ಲಿ ಬರೆದು, ಮೊದಲೇ ಮಾತಾಡಿಕೊಂಡ ಆಸ್ಪತ್ರೆಯ ವೈದ್ಯಕೀಯ ತ್ಯಾಜ್ಯಕ್ಕೆ ಸೇರಿಸಿ. ಒಣ ಕಸಕ್ಕೆ ಹಾಕಿದರೆ ಕುಂಬಾರಕೊಪ್ಪಲಿನಂಥ ಘಟಕದಲ್ಲಿ ಕಸ ಬೇರ್ಪಡಿಸುವವರ ಕೈಗೆ ಚುಚ್ಚುತ್ತದೆ.

ಚುಚ್ಚಿಬಿಟ್ಟರೆ ಹರಿಯುವ ನೀರಿನಲ್ಲಿ ಸೋಪು ಹಾಕಿ ತೊಳೆಯಿರಿ. ಹಿಂಡಬಾರದು, ಬಾಯಿಗೆ ಇಡಬಾರದು, ಬ್ಲೀಚಿಂಗ್ ಸುರಿಯಬಾರದು. ನೇರ ಕೆ.ಆರ್. ಆಸ್ಪತ್ರೆಯಂಥ ದೊಡ್ಡಾಸ್ಪತ್ರೆಯ ತುರ್ತು ವಿಭಾಗಕ್ಕೆ ಹೋಗಿ 'ಪಿಇಪಿ' ಎಂದು ಕೇಳಿ. ಎಚ್‌ಐವಿ ತಡೆಯುವ ಆ ಮಾತ್ರೆ ಎರಡು ಗಂಟೆಯೊಳಗೆ ಶುರುವಾದರೆ ಒಳ್ಳೆಯದು, 72 ಗಂಟೆ ದಾಟಿದರೆ ಪ್ರಯೋಜನವಿಲ್ಲ. 28 ದಿನ ತಪ್ಪದೆ ನುಂಗಬೇಕು. ಹೆಪಟೈಟಿಸ್-ಬಿ ಲಸಿಕೆ, ಟಿ.ಟಿ. ಕೂಡ ಕೇಳಿ. ಗಾಬರಿ ಬೇಡ: ಎಚ್‌ಐವಿ ಇರುವವರಿಗೆ ಚುಚ್ಚಿದ ಸೂಜಿ ಆಸ್ಪತ್ರೆ ಸಿಬ್ಬಂದಿಗೆ ತಾಗಿದಾಗಲೂ ಸೋಂಕಾಗುವುದು ಸಾವಿರದಲ್ಲಿ ಸುಮಾರು ಮೂರು ಸಲ.

ಖಾಲಿ ಸ್ಟ್ರಿಪ್ಪನ್ನು ಎಸೆಯಬೇಡಿ. ಮಾತ್ರೆ ಹೆಸರು, ಬ್ಯಾಚ್ ನಂಬರು ಕಾಣುವಂತೆ ಫೋಟೊ ತೆಗೆದು ಔಷಧ ನಿಯಂತ್ರಣ ಅಧಿಕಾರಿಗಳಿಗೆ ಕೊಡಿ. ಬ್ಯಾಚ್ ನಂಬರಿನಿಂದ ಸಗಟು ವ್ಯಾಪಾರಿಯವರೆಗೂ ಜಾಡು ಹಿಡಿಯಬಹುದು. ಹಲವು ಸಲ ಅದು ಟ್ಯಾಪೆಂಟಡಾಲ್ ಎಂಬ ನೋವಿನ ಮಾತ್ರೆ ಆಗಿರುತ್ತದೆ. ನುಂಗಲು ಮಾಡಿದ ಮಾತ್ರೆಯನ್ನು ಪುಡಿಮಾಡಿ ನೀರಲ್ಲಿ ಕರಗಿಸಿ ಚುಚ್ಚಿಕೊಂಡರೆ, ಅದರೊಳಗಿನ ಟಾಲ್ಕ್, ಅಂಟು ಕರಗದೆ ರಕ್ತನಾಳದಲ್ಲಿ ಕೂತು ಕೀವುಗಟ್ಟುತ್ತದೆ. ಸೆಕೆಯಲ್ಲೂ ತುಂಬುತೋಳು ಹಾಕಿ ಓಡಾಡುವ ಹುಡುಗನ ಕೈಯಲ್ಲಿ ಹುಣ್ಣಿದ್ದರೆ ಮೊದಲು ಆ ಹುಣ್ಣಿಗೆ ಚಿಕಿತ್ಸೆ ಕೊಡಿಸಿ. ಬುದ್ಧಿಮಾತಿಗೆ ಬಾರದವನು ಡ್ರೆಸ್ಸಿಂಗಿಗೆ ಬರುತ್ತಾನೆ. ಹೊಸ ಸೂಜಿ, ನಶೆಗೆ ಬದಲಿ ಔಷಧ ಕೊಡುವ ಕೇಂದ್ರದ ವಿಳಾಸ ಏಡ್ಸ್ ಸಹಾಯವಾಣಿ 1097ರಲ್ಲಿ ಸಿಗುತ್ತದೆ.

ಪ್ರಶ್ನೆ: ಬಸ್ ಸ್ಟ್ಯಾಂಡ್ ಹಿಂದೆ ಚಿಕ್ಕ ಹುಡುಗರು ಪಂಕ್ಚರ್ ಸಲ್ಯೂಷನ್ ಬಟ್ಟೆಗೆ ಹಾಕಿಕೊಂಡು ಮೂಸುತ್ತಾರೆ. ಗದರಿಸಿದರೆ ಓಡುತ್ತಾರೆ.
— ಅಂಗಡಿ ಮಾಲೀಕರು, ಮಂಡ್ಯ

ಉತ್ತರ: ಗದರಿಸಬೇಡಿ, ಅಟ್ಟಿಸಿಕೊಂಡು ಹೋಗಲೇಬೇಡಿ. ಸಲ್ಯೂಷನ್, ಥಿನ್ನರ್ ಆವಿ ಒಳಗಿರುವಾಗ ಹೃದಯಕ್ಕೆ ಗಾಬರಿಯ ಅಡ್ರಿನಲಿನ್ ತಾಳದು. ಓಡುತ್ತ ಓಡುತ್ತಲೇ ಬಡಿತ ಹದ ತಪ್ಪಿ ಕುಸಿದು ಸತ್ತ ಮಕ್ಕಳಿದ್ದಾರೆ. ಹತ್ತಿರ ಬೆಂಕಿ, ಬೀಡಿ ಇರದಂತೆ ನೋಡಿ, ಗಾಳಿ ಆಡುವ ಕಡೆ ಕೂರಿಸಿ, ಮೆಲ್ಲಗೆ ಮಾತಾಡಿ. ಅಮಲು ಇಳಿಯಲು ಹೆಚ್ಚು ಹೊತ್ತು ಬೇಕಿಲ್ಲ.

ಆಮೇಲೆ ಮಕ್ಕಳ ಸಹಾಯವಾಣಿ 1098ಕ್ಕೆ ಕರೆ ಮಾಡಿ. ಮಗುವನ್ನು 24 ಗಂಟೆಯೊಳಗೆ ಮಕ್ಕಳ ಕಲ್ಯಾಣ ಸಮಿತಿಯ ಮುಂದೆ ಹಾಜರುಪಡಿಸಬೇಕು. ಬಾಲನ್ಯಾಯ ಕಾಯ್ದೆ 2015ರ 77ನೇ ಕಲಂ ಪ್ರಕಾರ ಮಕ್ಕಳಿಗೆ ಮದ್ಯ, ತಂಬಾಕು, ಮಾದಕ ವಸ್ತು ಕೊಟ್ಟವರಿಗೆ 7 ವರ್ಷದವರೆಗೆ ಜೈಲು, 1 ಲಕ್ಷ ರೂಪಾಯಿವರೆಗೆ ದಂಡ. ಆದರೆ ಆ ಕಲಮಿನಲ್ಲಿ ಸಲ್ಯೂಷನ್ನಿನ ಹೆಸರಿಲ್ಲ, ಆದ್ದರಿಂದ ಕೇಸು ನಿಲ್ಲುವುದು ಕಷ್ಟ. ಸೈಕಲ್ ಶಾಪ್, ಹಾರ್ಡ್‌ವೇರ್, ಸ್ಟೇಷನರಿಯವರನ್ನು ಒಂದು ಸಂಜೆ ಕೂರಿಸಿ ಮಾತಾಡುವುದೇ ಹೆಚ್ಚು ಕೆಲಸಕ್ಕೆ ಬರುತ್ತದೆ: ಮಕ್ಕಳಿಗೆ ಟ್ಯೂಬು ಮಾರುವುದಿಲ್ಲ, ಪಂಕ್ಚರ್ ಇದ್ದರೆ ಸೈಕಲ್ ತರಲಿ. ಒಂದೇ ಅಂಗಡಿ ಒಪ್ಪದಿದ್ದರೂ ಇಡೀ ಏರ್ಪಾಡು ಸೋರುತ್ತದೆ.

ಪ್ರಶ್ನೆ: ತಮ್ಮ ಮಾತ್ರೆ ಚಟಕ್ಕೆ ಬಿದ್ದಿದ್ದಾನೆ, ಕುಡಿತವೂ ಇದೆ. ಆಸ್ಪತ್ರೆಗೆ ಕರಕೊಂಡು ಹೋದರೆ ಪೊಲೀಸ್ ಕೇಸ್ ಆಗುತ್ತಾ? ಊರ ಹತ್ತಿರದ ಒಂದು ಸೆಂಟರ್‌ನವರು ಮನೆಗೇ ಬಂದು ಎತ್ತಿಕೊಂಡು ಹೋಗ್ತೀವಿ ಅಂತಾರೆ.
— ಅಕ್ಕ, ಮದ್ದೂರು ತಾಲ್ಲೂಕು

ಉತ್ತರ: ಚಿಕಿತ್ಸೆಗೆ ಬಂದ ಎಂಬ ಕಾರಣಕ್ಕೆ ಕೇಸ್ ಆಗುವುದಿಲ್ಲ. ಸೇವನೆಯ ಅಥವಾ ಸಣ್ಣ ಪ್ರಮಾಣದ ಕೇಸ್ ಇದ್ದರೂ, ತಾನಾಗಿ ಮಾನ್ಯತೆ ಪಡೆದ ಆಸ್ಪತ್ರೆಯಲ್ಲಿ ಚಿಕಿತ್ಸೆಗೆ ಸೇರಿದವನಿಗೆ ಎನ್‌ಡಿಪಿಎಸ್ ಕಾಯ್ದೆಯ (ಮಾದಕ ವಸ್ತುಗಳ ಕಾಯ್ದೆ) 64-ಎ ಕಲಂ ರಕ್ಷಣೆ ಕೊಡುತ್ತದೆ. ಅರ್ಧಕ್ಕೆ ಬಿಟ್ಟರೆ ಆ ರಕ್ಷಣೆ ಹೋಗಬಹುದು, ಅದಕ್ಕೇ ಡಿಸ್ಚಾರ್ಜ್ ಚೀಟಿಗಳನ್ನು ಜೋಪಾನವಾಗಿಡಿ.

ಮನೆಯಲ್ಲಿ ಕೂಡಿಹಾಕಿ ಬಿಡಿಸಲು ಹೋಗಬೇಡಿ. ನೋವಿನ ಮಾತ್ರೆ ನಿಲ್ಲಿಸಿದರೆ ಆಕಳಿಕೆ, ಮೂಗು ಸೋರುವುದು, ಮೈಕೈ ನೋವು, ಭೇದಿ. ಎರಡು-ಮೂರನೇ ದಿನ ಜೋರು, ವಾರದ ಮೇಲೆ ಇಳಿಕೆ. ಸಂಕಟವೇ, ಆದರೆ ಜೀವಕ್ಕೆ ಅಪಾಯ ಕಡಿಮೆ. ಕುಡಿತ, ನಿದ್ದೆ ಮಾತ್ರೆ ಹಾಗಲ್ಲ. ದಿನವೂ ಕುಡಿಯುವವರು ಥಟ್ಟನೆ ನಿಲ್ಲಿಸಿದರೆ ಮೊದಲ ಎರಡು ದಿನದಲ್ಲಿ ಫಿಟ್ಸ್, ಎರಡರಿಂದ ನಾಲ್ಕನೇ ದಿನದೊಳಗೆ ಬಡಬಡಿಕೆ, ಇಲ್ಲದ್ದು ಕಾಣುವುದು ಬರಬಹುದು; ಪ್ರಾಣಕ್ಕೇ ಕುತ್ತು. ಮಂಡ್ಯದ ಮಿಮ್ಸ್ (ಸರ್ಕಾರಿ ವೈದ್ಯಕೀಯ ಕಾಲೇಜು) ಆಸ್ಪತ್ರೆಯ ಮನೋವೈದ್ಯ ವಿಭಾಗಕ್ಕೆ ಕರೆದೊಯ್ಯಿರಿ. ಏನೇನು, ಎಷ್ಟೆಷ್ಟು, ಕೊನೆಯದು ಯಾವಾಗ ಎಂದು ಬರೆದುಕೊಂಡು ಹೋಗಿ. ಹೊರಡುವ ಮೊದಲು ಕೇಳುವುದಿದ್ದರೆ ವ್ಯಸನಮುಕ್ತಿ ಸಹಾಯವಾಣಿ 14446ಕ್ಕೆ ಕರೆ ಮಾಡಿ.

ಎತ್ತಿಕೊಂಡು ಹೋಗುವವರ ಸಹವಾಸ ಬೇಡ. ಮಾನಸಿಕ ಆರೋಗ್ಯ ಕಾಯ್ದೆಯಡಿ ನೋಂದಣಿ ಪತ್ರ ಎಲ್ಲಿದೆ, ಮನೋವೈದ್ಯರು ವಾರದ ಯಾವ ದಿನ ಬರುತ್ತಾರೆ, ಮೊದಲ ಮೂರು ದಿನ ಯಾವ ಔಷಧ ಕೊಡುತ್ತೀರಿ, ವಾರಕ್ಕೊಮ್ಮೆ ಅವನ ಜೊತೆ ಒಂಟಿಯಾಗಿ ಮಾತಾಡಬಹುದೇ ಎಂದು ಕೇಳಿ. ಒಂದಕ್ಕೆ ತಡವರಿಸಿದರೂ ಎದ್ದು ಬನ್ನಿ. ಸರಪಳಿ ಹಾಕುವುದು ಅದೇ ಕಾಯ್ದೆಯ 95ನೇ ಕಲಮಿನಲ್ಲಿ ಪೂರ್ತಿ ನಿಷಿದ್ಧ. ಚಿಕಿತ್ಸೆ ಮುಗಿಸಿ ಬಂದ ಮೊದಲ ವಾರಗಳಲ್ಲೇ ಹೆಚ್ಚು ಎಚ್ಚರ ಬೇಕು: ದೇಹ ಹಳೇ ಡೋಸಿನ ಅಭ್ಯಾಸ ಕಳೆದುಕೊಂಡಿರುತ್ತದೆ, ಹಿಂದಿನಷ್ಟೇ ತೆಗೆದುಕೊಂಡರೆ ಉಸಿರು ನಿಲ್ಲುತ್ತದೆ.

ಪ್ರಶ್ನೆ: ರಸ್ತೆ ಬದಿ ಬಿದ್ದಿರುವವನು ಕುಡಿದು ಮಲಗಿದ್ದಾನೋ, ಅಪಾಯದಲ್ಲಿದ್ದಾನೋ, ಹೇಗೆ ತಿಳಿಯುವುದು?
— ಆಟೊ ಚಾಲಕರು, ಮೈಸೂರು

ಉತ್ತರ: ಭುಜ ಅಲುಗಿಸಿ ಜೋರಾಗಿ ಕೂಗಿ. ಏಳದಿದ್ದರೆ ಎದೆಯ ನಡುಮೂಳೆಯನ್ನು ಗೆಣ್ಣಿನಿಂದ ಗಟ್ಟಿಯಾಗಿ ಉಜ್ಜಿ. ಅದಕ್ಕೂ ಮಿಸುಕದಿದ್ದರೆ 108ಕ್ಕೆ ಕರೆ ಮಾಡಿ, ಉಸಿರು ಎಣಿಸಿ. ನಿಮಿಷಕ್ಕೆ ಹನ್ನೆರಡಕ್ಕಿಂತ ಕಡಿಮೆ, ಗೊರಗೊರ ಸದ್ದು, ನೀಲಿಗಟ್ಟಿದ ತುಟಿ, ಸೂಜಿಮೊನೆಯಷ್ಟಾದ ಕಣ್ಣಪಾಪೆ ಕಂಡರೆ ಫೋನಿನಲ್ಲೇ ಹೇಳಿ. ನೋವಿನ ಮಾತ್ರೆಯಂಥ ನಶೆಯಿಂದ ಉಸಿರು ನಿಲ್ಲುವುದನ್ನು ತಡೆಯುವ ನ್ಯಾಲಾಕ್ಸೋನ್ ಇಂಜೆಕ್ಷನ್ ಬೇಕಾಗಬಹುದು. ಉಸಿರಾಡುತ್ತಿದ್ದರೆ ಮಗ್ಗುಲಾಗಿ ಮಲಗಿಸಿ, ಮೇಲಿನ ಮಂಡಿ ಮುಂದಕ್ಕೆ ಮಡಿಸಿ. ವಾಂತಿಯಾದರೆ ಗಂಟಲಿಗೆ ಇಳಿಯದೆ ಹೊರಗೆ ಬರುತ್ತದೆ. ಉಸಿರೇ ಇಲ್ಲದಿದ್ದರೆ ಎದೆ ಒತ್ತಲು ಶುರುಮಾಡಿ, 108ರವರು ಫೋನಿನಲ್ಲೇ ಹೇಳಿಕೊಡಲಿ. ಬಾಯಿಗೆ ನೀರು, ಮಜ್ಜಿಗೆ, ನಿಂಬೆರಸ ಏನೂ ಹಾಕಬೇಡಿ. ಗಾಡಿ ಬರುವವರೆಗೆ ಪಕ್ಕದಲ್ಲೇ ಇರಿ, ಅಲ್ಲಿ ಬಿದ್ದಿರುವ ಸ್ಟ್ರಿಪ್ ಅಥವಾ ಬಾಟಲಿಯನ್ನು ಅವರ ಕೈಗೇ ಕೊಡಿ.