ಪಿಕ್ಸೆಲ್ ಅಷ್ಟೇ, ಕೆಲಸ ಯಾಕೆ ಜಾಸ್ತಿ?

ಪ್ರಶ್ನೆ: ಪ್ರೊಸೆಸರ್‌ನಲ್ಲಿ 8 ಕೋರ್ (ಲೆಕ್ಕ ಮಾಡುವ ಘಟಕ), ಗ್ರಾಫಿಕ್ಸ್ ಕಾರ್ಡ್‌ನಲ್ಲಿ ಸಾವಿರಾರು. ಹಾಗಾದರೆ ಎಲ್ಲ ಕೆಲಸವನ್ನೂ ಕಾರ್ಡ್‌ಗೇ ಕೊಡಬಹುದಲ್ವಾ? ಇನ್ನೊಂದು, ಆಗುಂಬೆ ಕಾಡಿನ ಥರದ ಒಂದು ಗೇಮ್ ಮಾಡುತ್ತಿದ್ದೇನೆ. ದೂರದ ಮರಗಳಿಗೆ ಎಲೆ ಸೇರಿಸಿದಷ್ಟೂ ನಿಧಾನವಾಗುತ್ತದೆ. ಪರದೆಯ ಪಿಕ್ಸೆಲ್ ಅಷ್ಟೇ ಇವೆಯಲ್ಲ?
— ಡಿಪ್ಲೊಮಾ ವಿದ್ಯಾರ್ಥಿನಿ, ತೀರ್ಥಹಳ್ಳಿ

ಉತ್ತರ: ಎರಡನೇ ಪ್ರಶ್ನೆ ತುಂಬ ಹಿಡಿಸಿತು. ಮೊದಲು ಕೋರ್ ವಿಷಯ ಮುಗಿಸೋಣ.

1920×1080 ಪರದೆಯಲ್ಲಿ 20,73,600 ಪಿಕ್ಸೆಲ್. ಸೆಕೆಂಡಿಗೆ 60 ಚಿತ್ರ ಅಂದರೆ 12 ಕೋಟಿಗೂ ಜಾಸ್ತಿ ಸಲ ಬಣ್ಣದ ಲೆಕ್ಕ. ಆದರೆ ಒಂದರ ಬಣ್ಣಕ್ಕೆ ಪಕ್ಕದ್ದು ಮುಗಿಯಲಿ ಅಂತ ಕಾಯಬೇಕಿಲ್ಲ. ಅಡಿಕೆ ಸುಲಿಯಲು ಕೂತವರ ಹಾಗೆ, ಅವರವರ ಮೆಟ್ಟುಗತ್ತಿ, ಅವರವರ ಕೆಲಸ. ಜನ ಹೆಚ್ಚಾದಷ್ಟೂ ಬೇಗ ಮುಗಿಯುತ್ತದೆ. ಹಿಂದಿನ ಉತ್ತರ ಬಂದಮೇಲೇ ಮುಂದಿನ ಹೆಜ್ಜೆ ಅನ್ನುವ ಲೆಕ್ಕಕ್ಕೆ ಸಾವಿರ ಕೋರ್ ಇದ್ದೂ ಪ್ರಯೋಜನವಿಲ್ಲ. ಜೊತೆಗೆ ಕಾರ್ಡ್‌ನ ಕೋರ್‌ಗಳು ಬಿಡಿಬಿಡಿಯಾಗಿ ಓಡುವುದಿಲ್ಲ. ಎನ್‌ವಿಡಿಯಾ ಕಂಪನಿಯ ಕಾರ್ಡ್‌ಗಳಲ್ಲಿ 32 ಥ್ರೆಡ್‌ಗಳ, ಅಂದರೆ ಒಟ್ಟಿಗೆ ಓಡುವ 32 ಲೆಕ್ಕಗಳ, ಗುಂಪಿಗೆ ಒಂದೇ ಆದೇಶ. ಶೇಡರ್‌ನ (ಪಿಕ್ಸೆಲ್ ಬಣ್ಣ ಲೆಕ್ಕ ಹಾಕುವ ಪುಟ್ಟ ಪ್ರೋಗ್ರಾಮ್) ಒಂದು 'ಇಫ್' ಷರತ್ತಿನ ಹತ್ತಿರ ಗುಂಪು ಎರಡಾದರೆ, ಒಂದು ಪಾಲು ಓಡುವಾಗ ಇನ್ನೊಂದು ಸುಮ್ನೆ ನಿಂತಿರುತ್ತದೆ.

ಈಗ ಎಲೆ. ಕಾರ್ಡ್ ಪಿಕ್ಸೆಲ್‌ಗಳನ್ನು ಒಂದೊಂದಾಗಿ ಅಲ್ಲ, 2×2ರ ಚೌಕವಾಗಿ ಎತ್ತಿಕೊಳ್ಳುತ್ತದೆ. ಟೆಕ್ಸ್ಚರ್‌ನ, ಅಂದರೆ ಮೇಲ್ಮೈಗೆ ಅಂಟಿಸುವ ಚಿತ್ರದ, ದೊಡ್ಡ ಪ್ರತಿ ಬೇಕೋ ಚಿಕ್ಕದೋ ಅಂತ ತೀರ್ಮಾನಿಸಲು ಅಕ್ಕಪಕ್ಕದ ಪಿಕ್ಸೆಲ್‌ಗಳ ವ್ಯತ್ಯಾಸ ಬೇಕು, ಅದಕ್ಕೇ ಹೀಗೆ. ಗೇಮ್‌ನಲ್ಲಿ ಎಲೆಯನ್ನೂ ತ್ರಿಕೋನಗಳಿಂದಲೇ ಕಟ್ಟುತ್ತಾರೆ. ನಿಮ್ಮ ದೂರದ ಎಲೆಯ ತ್ರಿಕೋನ ಒಂದೇ ಪಿಕ್ಸೆಲ್ ಮುಟ್ಟಿದರೂ ನಾಲ್ಕಕ್ಕೆ ಲೆಕ್ಕ ನಡೆದು ಮೂರು ಕಸಕ್ಕೆ ಹೋಗುತ್ತವೆ. ಪಕ್ಕದ ಎಲೆಗೂ ಹಾಗೇ. ಮೇಲಿಂದ ಎಲೆಯ ಹಿಂದೆ ಎಲೆ, ಅದರ ಹಿಂದೆ ಇನ್ನೊಂದು. ಒಂದೇ ಪಿಕ್ಸೆಲ್‌ಗೆ ಮತ್ತೆ ಮತ್ತೆ ಬಣ್ಣ.

ಈ ತೊಂದರೆ ಹಳೆಯದು. 1986ರಲ್ಲಿ ಅಮೆರಿಕದ ನಾರ್ತ್ ಕ್ಯಾರೊಲಿನಾ ವಿಶ್ವವಿದ್ಯಾಲಯದಲ್ಲಿ ಹೆನ್ರಿ ಫುಕ್ಸ್ ತಂಡ ಪಿಕ್ಸೆಲ್-ಪ್ಲೇನ್ಸ್ 4 ಎಂಬ ಗ್ರಾಫಿಕ್ಸ್ ಯಂತ್ರ ಕಟ್ಟಿತು. 512×512 ಪರದೆ, ಒಂದೊಂದು ಪಿಕ್ಸೆಲ್‌ಗೂ ಒಂದೊಂದು ಪುಟ್ಟ ಪ್ರೊಸೆಸರ್! ಎಂಥ ಧೈರ್ಯ ನೋಡಿ. ಅಲ್ಲೂ ಪುಟ್ಟ ತ್ರಿಕೋನ ಬಂದರೆ ಅದರೊಳಗಿನ ಕೆಲವಕ್ಕೆ ಮಾತ್ರ ಕೆಲಸ, ಉಳಿದ ಲಕ್ಷಗಟ್ಟಲೆ ಖಾಲಿ.

ಹಾಗಾಗಿ ದೂರದ ಮರಕ್ಕೆ ಎಲೆ ಎಲೆಯಾಗಿ ಜೋಡಿಸಬೇಡಿ. ಒಂದು ಕೊಂಬೆಗೆ ಎಲೆಗಳ ಚಿತ್ರ ಅಂಟಿಸಿದ ಒಂದು ದೊಡ್ಡ ತ್ರಿಕೋನ ಸಾಕು, ಇನ್ನೂ ದೂರ ಹೋದರೆ ಇಡೀ ಮರಕ್ಕೆ ಒಂದು ಚಪ್ಪಟೆ ಚಿತ್ರ. ಹತ್ತಿರದ ಮರಗಳನ್ನು ಮೊದಲು ಬಿಡಿಸಿ, ಆಗ ಹಿಂದೆ ಮುಚ್ಚಿಹೋಗುವ ಎಷ್ಟೋ ಪಿಕ್ಸೆಲ್‌ಗಳ ಲೆಕ್ಕವನ್ನು ಕಾರ್ಡ್ ತಾನೇ ಬಿಡುತ್ತದೆ. ಮೊದಲು ದೂರದ ಮರಗಳನ್ನಷ್ಟೇ ಬದಲಿಸಿ ವೇಗ ಅಳೆಯಿರಿ. ಆಮೇಲೂ ನಿಧಾನವಿದ್ದರೆ ಶೇಡರ್ ಕೋಡ್ ಕಳಿಸಿ, ನೋಡೋಣ.