ಹಿರಿಯರ ಡೇ ಕೇರ್ ಶುರು ಮಾಡೋ ಮುಂಚೆ ಬಾತ್‌ರೂಮ್ ಬಾಗಿಲು ನೋಡಿ

ತುಮಕೂರಲ್ಲಿ ಬಾಡಿಗೆ ಮನೆ ಹಿಡ್ದು ವಯಸ್ಸಾದೋರಿಗೆ ಡೇ ಕೇರ್ ಮಾಡ್ಬೇಕು ಅಂತಿದೀನಿ, ಮಕ್ಕಳ ಡೇ ಕೇರ್ ಥರಾನೇ ಅಲ್ವಾ, ಲಾಭ ಇದ್ಯಾ ಅಂತ ಕೇಳಿದೀರ. ನಾನು ಮೈಸೂರು ಕುವೆಂಪುನಗರದಲ್ಲಿ ನಾಲ್ಕು ವರ್ಷದಿಂದ ನಡೆಸ್ತಿದೀನಿ. ಮಕ್ಕಳದ್ದಕ್ಕೆ ಹೋಲಿಸ್ಲೇಬೇಡಿ. ಮಗು ಅತ್ರೂ ಅಪ್ಪ ಅಮ್ಮ ಬಿಟ್ಟು ಹೋಗ್ತಾರೆ, ಎಪ್ಪತ್ತೆಂಟರ ರಿಟೈರ್ಡ್ ಹೆಡ್‌ಮಾಸ್ಟ್ರು ಬರಲ್ಲ ಅಂದ್ರೆ ಮುಗೀತು.

ಆ ಹೆಡ್‌ಮಾಸ್ಟ್ರು ನಿಜವಾಗ್ಲೂ ಇದಾರೆ. ಮೂರು ದಿನ ಚಪ್ಪಲಿ ಬಿಡದೇ ಹೊರಗಡೆ ಚೇರಲ್ಲೇ ಕೂತಿದ್ರು, ಊಟಕ್ಕೂ ಒಳಗೆ ಬರ್ಲಿಲ್ಲ. ನಾಲ್ಕನೇ ದಿನ ಒಳಗೆ ಚೌಕಾಬಾರ ಆಡ್ತಿದ್ದೋರು ಕಾಯಿ ತಪ್ಪು ನಡೆಸಿದ್ರು ಅಂತ ಕಿಟಕಿಯಿಂದ ನೋಡಿ ತಡಕೊಳ್ಳಕ್ಕಾಗದೆ ಬಂದು ಗದರಿದ್ರು ನೋಡಿ, ಅವತ್ತಿಂದ ಖಾಯಂ.

ನಾನು ಮಾಡಿದ ಮೊದಲ ತಪ್ಪು ಬೋರ್ಡು. 'ವೃದ್ಧರ' ಅಂತ ದೊಡ್ಡದಾಗಿ ಬರೆಸಿಬಿಟ್ಟೆ. ಒಬ್ಬರ ಸೊಸೆಗೆ ಪಕ್ಕದ ಮನೆಯೋರು "ಏನ್ರೀ, ಮಾವನ್ನ ಆಶ್ರಮಕ್ಕೆ ಹಾಕಿದ್ರಂತೆ" ಅಂದ್ರು, ಮಾರನೇ ದಿನದಿಂದ ಅವರು ಕಳಿಸೋದೇ ನಿಲ್ಲಿಸಿದ್ರು. ಆ ಪದ ಅಳಿಸಿದ ಮೇಲೇ ಜನ ವಿಚಾರಿಸೋಕೆ ಶುರು ಮಾಡಿದ್ದು.

ಈಗ ಖರ್ಚು. ಎಲ್ಲರೂ ಬಾಡಿಗೆ ಲೆಕ್ಕ ಹಾಕ್ತಾರೆ, ನನ್ನ ಜೇಬು ಖಾಲಿ ಮಾಡಿದ್ದು ಅವರನ್ನ ಮನೆಯಿಂದ ಕರ್ಕೊಂಡ್ಬರೋ ಗಾಡಿ. ಒಬ್ಬೊಬ್ಬರ ಮನೆ ಮುಂದೇನೂ ಹತ್ತು ನಿಮಿಷ, ಕನ್ನಡಕ ಮರೆತ್ರು, ಹಲ್ಲಿನ ಸೆಟ್ ಮರೆತ್ರು, ಮತ್ತೆ ಒಂದ್ಸಲ ಬಾತ್‌ರೂಮಿಗೆ ಹೋಗ್ಬರ್ತೀನಿ ಅಂದ್ರು, ಕೊನೆಗೆ ಮೊದಲು ಹತ್ತಿದೋರು ಮುಕ್ಕಾಲು ಗಂಟೆ ಒಳಗೇ ಕೂತು ಬೇಜಾರಾಗಿರ್ತಾರೆ. ಮೂರು ಕಿಲೋಮೀಟರ್ ಆಚೆ ಒಪ್ಪಿಕೊಳ್ಬೇಡಿ. ಕಾಲು ಎತ್ತಿ ಹತ್ತಕ್ಕಾಗಲ್ಲ, ನಾವು ಗಾಡೀಲಿ ಒಂದು ಮಣೆ ಇಟ್ಕೊಂಡೇ ಹೋಗ್ತೀವಿ.

ಬಾತ್‌ರೂಮ್ ಬಾಗಿಲು ಹೊರಗಡೆಗೆ ತೆಗೆಯೋ ಹಾಗಿರ್ಲಿ. ಒಳಗಡೆಗೆ ತೆಗೆಯೋದಾದ್ರೆ, ಯಾರಾದ್ರೂ ಬಿದ್ದು ಬಾಗಿಲಿಗೇ ಅಡ್ಡ ಆದ್ರೆ ಅವರನ್ನ ತಳ್ಳದೆ ತೆಗೆಯಕ್ಕಾಗಲ್ಲ. ನಮ್ಮಲ್ಲಿ ಒಂದ್ಸಲ ಹಾಗೇ ಆಯ್ತು, ದೇವರ ದಯೆ ಬರೀ ಮೊಣಕೈ ತರಚಿತ್ತು, ಅವತ್ತು ಸಂಜೇನೇ ಬಡಗಿ ಕರೆಸಿದೆ. ಕಮೋಡ್ ಪಕ್ಕ ಹಿಡ್ಕೊಳ್ಳೋಕೆ ಕಂಬಿ ಹಾಕ್ಸಿ. ಊಟ ಲೇಟ್ ಮಾಡ್ಲೇಬೇಡಿ, ಇನ್ಸುಲಿನ್ ತಗೊಂಡೋರು ಬೆವೆತು ನಡುಗೋಕೆ ಶುರು ಮಾಡ್ತಾರೆ, ಗ್ಲೂಕೋಸ್ ಪ್ಯಾಕೆಟ್ ಕೈಗೆಟುಕೋ ಜಾಗದಲ್ಲೇ ಇರ್ಬೇಕು.

ಮರೆವಿನ ಕಾಯಿಲೆ ಜಾಸ್ತಿ ಇರೋರನ್ನ ಶುರುವಲ್ಲೇ ಸೇರಿಸ್ಕೊಳ್ಬೇಡಿ. ಸಂಜೆ ಆಗ್ತಿದ್ದ ಹಾಗೆ ಗಲಿಬಿಲಿ, ಮನೆಗೆ ಹೋಗ್ಬೇಕು ಅಂತ ಗೇಟ್ ಹತ್ರ ನಿಂತುಬಿಡ್ತಾರೆ, ಅದಕ್ಕೇ ನಾವು ನಾಲ್ಕಕ್ಕೇ ಮುಗಿಸ್ತೀವಿ. ಅಂಥೋರಿಗೆ ಟ್ರೇನಿಂಗ್ ಆದ ಸ್ಟಾಫೇ ಬೇಕು, ಬೆಂಗಳೂರಿನ ನೈಟಿಂಗೇಲ್ಸ್ ಮೆಡಿಕಲ್ ಟ್ರಸ್ಟ್‌ನೋರು ಬಹಳ ವರ್ಷದಿಂದ ಇದೇ ಕೆಲಸ ಮಾಡ್ತಿದಾರೆ, ಕೇಳಿಕೊಂಡು ಒಂದ್ಸಲ ಹೋಗಿ ನೋಡ್ಬನ್ನಿ. ಹಾಗೇ 14567 ಅಂತ ಹಿರಿಯರ ಸಹಾಯವಾಣಿ ಇದೆ, ದುಡ್ಡು ಕೊಡ್ಬೇಕಿಲ್ಲ, ಗೋಡೆ ಮೇಲೆ ದೊಡ್ಡದಾಗಿ ಬರೆದಿಡಿ. ಮನೇಲಿ ಹೇಳ್ಕೊಳ್ಳಕ್ಕಾಗದ್ದನ್ನ ಇಲ್ಲಿ ಊಟದ ಹೊತ್ತಲ್ಲಿ ಹೇಳ್ತಾರೆ.

ಲಾಭ ಅಂದ್ರೆ, ಮೊದಲ ವರ್ಷ ಕೈಯಿಂದ ಹಾಕಿದ್ದೇ. ಏಪ್ರಿಲ್ ಮೇ ಮೊಮ್ಮಕ್ಕಳು ಬರ್ತಾರೆ ಅಂತ ಅರ್ಧ ಜನ ಮನೇಲೇ, ಪಿತೃಪಕ್ಷದಲ್ಲಿ ಹೊಸಬರು ಯಾರೂ ಸೇರಲ್ಲ. ದಿನದ ಲೆಕ್ಕಕ್ಕೆ ಒಪ್ಪಬೇಡಿ, ತಿಂಗಳ ಫೀಸು ಮೊದಲೇ ಇಸ್ಕೊಳಿ, ಅಮೆರಿಕದ ಮಗ ಕೊಡ್ತಾನೆ ಅಂತ ಇಲ್ಲಿರೋ ಮಗಳು, ಅವಳು ಕೊಟ್ಟಿರ್ತಾಳೆ ಅಂತ ಅವನು, ಮಧ್ಯೆ ನಾನು ಮೂರು ತಿಂಗಳು ಕಾದಿದೀನಿ.

ಮನೆ ನೋಡಾಯ್ತಾ? ಮೆಟ್ಟಿಲಿದ್ರೆ ಅಡ್ವಾನ್ಸ್ ಕೊಡ್ಬೇಡಿ.